ಮೊದಲ ಹದಿನಾಲ್ಕು ದಿನ: ಒಂದು ದದ್ದಿನ ಇತಿಹಾಸ



ಕೆಲವು ತಿಂಗಳುಗಳ ಹಿಂದೆ ನನ್ನ ಬಲಗಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಂಡು ಒಂದು ವಾರ ನನ್ನನ್ನು ಮಂಚಕ್ಕೆ ಕಟ್ಟಿಹಾಕಿತು. ರಕ್ತ ಪರೀಕ್ಷೆ ಮಾಡಿಸಿದಾಗ ಯೂರಿಕ್ ಆಮ್ಲ ಹೆಚ್ಚಾಗಿದೆಯೆಂದು ತಿಳಿಯಿತು. ಊತ ಇಳಿದ ಮೇಲೆ ನಮ್ಮ ವೈದ್ಯರು ಅಲೋಪ್ಯುರಿನಾಲ್ ಎಂಬ ಮಾತ್ರೆಯನ್ನು ದಿನಕ್ಕೊಂದರಂತೆ ಬರೆದುಕೊಟ್ಟರು. ನನಗಿಂತ ಮೂವತ್ತು ವರ್ಷ ಚಿಕ್ಕವರಾದ ಅವರು ಚೀಟಿಯನ್ನು ಕೈಗಿಡುತ್ತ ಹೇಳಿದ ಮಾತು ಇದು: "ಸಾರ್, ಮೊದಲು ಚಿಕ್ಕ ಪ್ರಮಾಣದಿಂದ ಶುರು ಮಾಡೋಣ. ನಿಧಾನವಾಗಿ ಏರಿಸೋಣ. ಮೈಮೇಲೆ ಒಂದು ದದ್ದು ಕಂಡರೂ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ. ನಾಳೆ ನೋಡೋಣ ಅನ್ನಬೇಡಿ."

ಸಾಧಾರಣವಾದ ಎಚ್ಚರಿಕೆಯ ಮಾತು. ಆದರೆ ಅದನ್ನು ಕೇಳಿದ ನನಗೆ ಎದೆಯಲ್ಲಿ ಏನೋ ಕಲಕಿದಂತಾಯಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಮಾತನ್ನು ಯಾರಾದರೂ ನನ್ನ ವಿದ್ಯಾರ್ಥಿಯೊಬ್ಬನಿಗೆ ಹೇಳಿದ್ದರೆ, ಅಥವಾ ಕನಿಷ್ಠ ನನಗಾದರೂ ಹೇಳಿದ್ದರೆ, ಎಂದು ಮನಸ್ಸು ಹಿಂದಕ್ಕೆ ಓಡಿತು.

ಮೂರೂವರೆ ದಶಕ ಸಮಾಜ ವಿಜ್ಞಾನ ಬೋಧಿಸಿದವನು ನಾನು. ನಿಮಗೆಲ್ಲ ಕದಂಬರಿಂದ ಹಿಡಿದು ಕ್ವಿಟ್ ಇಂಡಿಯಾ ಚಳವಳಿಯವರೆಗೆ ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಒಂದು ದದ್ದಿಗೂ ಇತಿಹಾಸವಿರುತ್ತದೆಂದು ಆಗ ನಾನು ಎಂದೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಎಚ್.ಐ.ವಿ. ಸೋಂಕಿಗೆ ಕೊಡುವ ಔಷಧಗಳು ತರುತ್ತಿದ್ದ ಚರ್ಮದ ದದ್ದಿನ ಇತಿಹಾಸವನ್ನೂ ಅದನ್ನು ತಡೆಯಲು ಮನುಷ್ಯರು ಕಲಿತ ಪಾಠಗಳನ್ನೂ ಇಂದು ಬರೆಯುತ್ತಿದ್ದೇನೆ. ಇದರ ನಡುವೆ ಬರುವ ದಂಪತಿಗಳ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಊಹಿಸಲು ಪ್ರಯತ್ನಿಸಬೇಡಿರೆಂದು ನಿಮ್ಮ ಮೇಷ್ಟ್ರಾಗಿ ಕೇಳಿಕೊಳ್ಳುತ್ತೇನೆ.

2003ನೆಯ ಇಸವಿಯ ಬೇಸಿಗೆ. ಶಾಲೆಗೆ ರಜೆ. ಆ ಹುಡುಗ ನನ್ನಲ್ಲಿ ಮೂರು ವರ್ಷ ಓದಿದವನು, ಆ ಹೊತ್ತಿಗೆ ಮದುವೆಯಾಗಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ. ಅದಕ್ಕೆ ಕೆಲವು ತಿಂಗಳ ಹಿಂದೆ ಒಂದು ಸಂಜೆ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ತನಗೂ ಹೆಂಡತಿಗೂ ಸೋಂಕು ಇದೆಯೆಂದು ಹೇಳಿ ಅತ್ತಿದ್ದ. ಹೇಗೆ ಬಂತೆಂದು ನಾನು ಕೇಳಲಿಲ್ಲ. ಈಗಲೂ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಸರ್ಕಾರದಿಂದ ಉಚಿತ ಔಷಧ ಇನ್ನೂ ಬಂದಿರಲಿಲ್ಲ. ಇಬ್ಬರ ಮಾತ್ರೆಗೂ ಸೇರಿ ತಿಂಗಳಿಗೆ ಎರಡು ಸಾವಿರಕ್ಕೂ ಮಿಕ್ಕಿ ಹಣ ಬೇಕಿತ್ತು. ಅವನು ಸಹಕಾರ ಸಂಘದಲ್ಲಿ ಸಾಲ ತೆಗೆದ. ನಾನು ಜಾಮೀನು ಹಾಕಿದೆ. ನಗರದ ಖಾಸಗಿ ವೈದ್ಯರೊಬ್ಬರ ಚೀಟಿಯಂತೆ ಗಂಡ ಹೆಂಡತಿ ಒಂದೇ ದಿನ ಮಾತ್ರೆ ಆರಂಭಿಸಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು.

ಹನ್ನೊಂದನೆಯ ದಿನ ಹೆಂಡತಿಯ ಎದೆ, ಬೆನ್ನಿನ ಮೇಲೆ ಕೆಂಪು ದದ್ದುಗಳು ಎದ್ದವು. ಏಪ್ರಿಲ್ ತಿಂಗಳ ಸೆಕೆ. ಅತ್ತೆಯವರು ನೋಡಿ, "ಅಮ್ಮ ಬಂದಿದ್ದಾಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ನಮ್ಮ ಕಡೆ ಅಮ್ಮ ಬಂದ ಮನೆಗೆ ಹೊರಗಿನವರು ಬರುವುದಿಲ್ಲ, ಮನೆಯವರು ಆಸ್ಪತ್ರೆಗೆ ಹೋಗುವುದಿಲ್ಲ. ಗುಟ್ಟನ್ನು ಮುಚ್ಚಿಡಬೇಕಾಗಿದ್ದ ಆ ದಂಪತಿಗಳಿಗೆ ಅದೂ ಒಂದು ಬಗೆಯ ಆಸರೆಯೇ ಆಯಿತು. ಯಾರೂ ಏನನ್ನೂ ಕೇಳುವಂತಿರಲಿಲ್ಲ.

ಆದರೂ ಅವನಿಗೆ ಅನುಮಾನ. ಮರುದಿನ ನನ್ನಲ್ಲಿಗೆ ಬಂದ. "ಸಾರ್, ಮಾತ್ರೆಯಿಂದಲೇ ಹೀಗಾಗಿರಬಹುದಾ? ನಿಲ್ಲಿಸಿಬಿಡಲಾ?" ಎಂದು ಕೇಳಿದ.

ನಾನು ಅದಕ್ಕೆ ಕೆಲವು ದಿನಗಳ ಹಿಂದೆ ಪತ್ರಿಕೆಯೊಂದರಲ್ಲಿ ಈ ಔಷಧಗಳ ಬಗ್ಗೆ ಓದಿದ್ದೆ. ನಡುವೆ ನಿಲ್ಲಿಸಿದರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬುದು ಅದರಲ್ಲಿತ್ತು. ಆ ಒಂದು ವಾಕ್ಯ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ತರಗತಿಯಲ್ಲಿ ಉತ್ತರ ಹೇಳಿ ಅಭ್ಯಾಸವಾದ ನಾಲಿಗೆ. "ಬೆವರುಸಾಲೆ ಇರಬೇಕು ಕಣಯ್ಯ. ಮಾತ್ರೆ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡ. ಒಂದು ಅವಿಲ್ ಮಾತ್ರೆ ಕೊಡು, ತುರಿಕೆ ನಿಲ್ಲುತ್ತದೆ" ಎಂದುಬಿಟ್ಟೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಅವನು ಹೋದ. ಅವಳು ಎರಡು ದಿನ, ಅಂದರೆ ಇನ್ನೂ ನಾಲ್ಕು ಮಾತ್ರೆ ನುಂಗಿದಳು.

ಮೂರನೆಯ ದಿನ ಬೆಳಗಿನ ಜಾವ ಅವನು ಬಾಗಿಲು ಬಡಿದ. ಹೋಗಿ ನೋಡಿದರೆ ಆ ಹೆಣ್ಣುಮಗಳ ತುಟಿ, ಬಾಯಿ ಹುಣ್ಣಾಗಿ ನೀರು ನುಂಗಲೂ ಆಗುತ್ತಿರಲಿಲ್ಲ. ಕಣ್ಣುಗಳು ಕೆಂಪಾಗಿ ಅಂಟಿಕೊಂಡಿದ್ದವು. ಮೈ ಕೆಂಡದಂತೆ ಸುಡುತ್ತಿತ್ತು. ದದ್ದುಗಳ ಮೇಲೆ ಗುಳ್ಳೆಗಳೆದ್ದು ಬೆನ್ನಿನ ಚರ್ಮ ಸೀರೆಗೆ ಅಂಟಿ ಸುಲಿಯುತ್ತಿತ್ತು. ಬಾಡಿಗೆ ಜೀಪಿನಲ್ಲಿ ಬಾಳೆ ಎಲೆ ಹಾಸಿ ಮಲಗಿಸಿಕೊಂಡು ನಗರದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಚರ್ಮವೈದ್ಯರು ನೋಡಿದ ಕೂಡಲೇ ಎಲ್ಲ ಮಾತ್ರೆ ನಿಲ್ಲಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಮೊದಲ ಹದಿನಾಲ್ಕು ದಿನ ಅರ್ಧ ಪ್ರಮಾಣ ತೆಗೆದುಕೊಂಡಿದ್ದರಾ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಾಗೊಂದು ನಿಯಮವಿದೆಯೆಂಬುದೇ ನಮಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ಹಾಗೇನೂ ಬರೆದಿರಲಿಲ್ಲ.

ಆ ಹದಿನಾಲ್ಕು ದಿನಗಳ ಕಥೆ ಏನೆಂಬುದನ್ನು ತಿಳಿಯಲು ನನಗೆ ಅನೇಕ ವರ್ಷಗಳೇ ಬೇಕಾದವು. ಬಲ್ಲ ವೈದ್ಯರನ್ನು ಕೇಳಿ, ಸಿಕ್ಕ ಪುಸ್ತಕಗಳನ್ನು ಓದಿ ತಿಳಿದುಕೊಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

ಆ ಹೆಣ್ಣುಮಗಳಿಗೆ ಬಂದದ್ದನ್ನು ವೈದ್ಯರು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರಿನಲ್ಲಿರುವವರು ಅಮೆರಿಕದ ಇಬ್ಬರು ಮಕ್ಕಳ ವೈದ್ಯರು. 1922ರಲ್ಲಿ ಅವರು ಜ್ವರ, ಮೈತುಂಬ ದದ್ದು, ಬಾಯಿಹುಣ್ಣು ಮತ್ತು ಕಣ್ಣಿನ ತೀವ್ರ ಉರಿಯೂತದಿಂದ ನರಳಿದ ಇಬ್ಬರು ಹುಡುಗರ ವಿವರವನ್ನು ಪ್ರಕಟಿಸಿದ್ದರು. ಇದೇ ಕಾಯಿಲೆ ಇನ್ನೂ ಉಗ್ರವಾಗಿ, ಸುಟ್ಟ ಗಾಯದಂತೆ ಚರ್ಮ ಹಾಳೆ ಹಾಳೆಯಾಗಿ ಕಳಚುವ ರೂಪವನ್ನು ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಅಲನ್ ಲಯೆಲ್ ಎಂಬ ಚರ್ಮವೈದ್ಯರು 1956ರಲ್ಲಿ ವರ್ಣಿಸಿದರು. ಇವೆರಡೂ ಒಂದೇ ಬೇನೆಯ ಎರಡು ಮಜಲುಗಳು; ಬಹುಮಟ್ಟಿಗೆ ಔಷಧಗಳೇ ಇವಕ್ಕೆ ಕಾರಣ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಸಾವಿರಾರು ಜನ ಸುಖವಾಗಿ ನುಂಗುವ ಮಾತ್ರೆಯೇ ಯಾರೋ ಒಬ್ಬರ ಚರ್ಮವನ್ನು ಶತ್ರುವೆಂದು ಅವರ ದೇಹಕ್ಕೆ ತೋರಿಸಿಬಿಡುತ್ತದೆ.

ಎಚ್.ಐ.ವಿ. ಬಂದ ಮೇಲೆ ಈ ಅಪರೂಪದ ಬೇನೆ ಅಷ್ಟೊಂದು ಅಪರೂಪವಾಗಿ ಉಳಿಯಲಿಲ್ಲ. 1980ರ ದಶಕದಲ್ಲೇ ಅಮೆರಿಕದ ವೈದ್ಯರು ಒಂದು ವಿಚಿತ್ರ ಕಂಡರು. ಏಡ್ಸ್ ರೋಗಿಗಳ ಶ್ವಾಸಕೋಶದ ಸೋಂಕಿಗೆ ಕೋಟ್ರೈಮಾಕ್ಸಜೋಲ್ ಎಂಬ ಹಳೆಯ, ಅಗ್ಗದ ಗಂಧಕಯುಕ್ತ ಔಷಧ ಕೊಟ್ಟರೆ ಇತರರಿಗಿಂತ ಇವರಿಗೆ ಬಹಳ ಹೆಚ್ಚು ದದ್ದು ಬರುತ್ತಿತ್ತು. ಸೋಂಕು ದೇಹದ ರಕ್ಷಣಾ ವ್ಯವಸ್ಥೆಯ ಬಲವನ್ನು ಕುಂದಿಸುವುದಷ್ಟೇ ಅಲ್ಲ, ಅದರ ವಿವೇಕವನ್ನೂ ಕೆಡಿಸುತ್ತದೆ ಎಂದು ಹೇಳಬಹುದೇನೋ.

ಇದರ ಭೀಕರ ರೂಪ ಆಫ್ರಿಕಾದಲ್ಲಿ ಕಂಡಿತು. ಕ್ಷಯರೋಗಕ್ಕೆ ಥಯಾಸೆಟಜೋನ್ ಎಂಬ ಅತಿ ಅಗ್ಗದ ಮಾತ್ರೆಯನ್ನು ಬಡ ದೇಶಗಳು ದಶಕಗಳಿಂದ ಬಳಸುತ್ತಿದ್ದವು. 1991ರಲ್ಲಿ ಕೀನ್ಯಾದ ನೈರೋಬಿಯಿಂದ ಬಂದ ಅಧ್ಯಯನವೊಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಎಚ್.ಐ.ವಿ. ಇಲ್ಲದ ಕ್ಷಯರೋಗಿಗಳಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಚರ್ಮದ ಪ್ರತಿಕ್ರಿಯೆ ಬಂದರೆ, ಎಚ್.ಐ.ವಿ. ಇದ್ದವರಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಜನರಿಗೆ ಬಂದಿತ್ತು. ಸತ್ತವರೂ ಇದ್ದರು. ಸೋಂಕಿರುವವರಿಗೆ ಈ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಬಳಿಕ ಸೂಚಿಸಿತು. ದದ್ದು ತಡೆಯುವ ಮೊದಲ ಮಾರ್ಗವನ್ನು ಜಗತ್ತು ಹೀಗೆ ಕಲಿಯಿತು: ಅಪಾಯವಿರುವ ಔಷಧವನ್ನು ಅಪಾಯವಿರುವವರಿಗೆ ಕೊಡದಿರುವುದು. ಹೇಳಲು ಸುಲಭ. ಆದರೆ ಬದಲಿ ಔಷಧ ದುಬಾರಿಯಾದಾಗ ಈ ಸುಲಭದ ಮಾತು ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ನಮ್ಮ ದೇಶದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಯುವ ಸಂಶೋಧಕಿ ನಿರ್ಮಲಾ ಅವರು ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಅದು ಸಿಕ್ಕಿತು. ಮರುವರ್ಷ, 1987ರಲ್ಲಿ, ಮೊದಲ ಔಷಧ ಜಿಡೊವುಡಿನ್ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಒಂದೇ ಔಷಧ ವೈರಾಣುವನ್ನು ಬಹುಕಾಲ ಹಿಡಿದಿಡಲಿಲ್ಲ. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ರೋಗಿ ಸಾವಿನ ದವಡೆಯಿಂದ ಎದ್ದುಬರುತ್ತಾನೆ ಎಂಬುದು ಜಗತ್ತಿಗೆ ನಿಚ್ಚಳವಾದದ್ದು 1996ರಲ್ಲಿ. ಆ ವರ್ಷದ ಜೂನ್ ತಿಂಗಳಲ್ಲೇ ನೆವಿರಪಿನ್ ಎಂಬ ಹೊಸ ಔಷಧಕ್ಕೆ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ನಮ್ಮ ಕಥೆಯ ನಾಯಕನೂ ಖಳನಾಯಕನೂ ಇದೇ.

ನಾಯಕನೆಂದು ಏಕೆ ಹೇಳುತ್ತೇನೆಂದರೆ, 1999ರಲ್ಲಿ ಉಗಾಂಡಾದ ಅಧ್ಯಯನವೊಂದು ತೋರಿಸಿದಂತೆ, ಹೆರಿಗೆಯ ನೋವಿನ ವೇಳೆ ತಾಯಿಗೆ ಒಂದೇ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಕೆಲವು ಹನಿ ನೆವಿರಪಿನ್ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಎಷ್ಟೋ ಮಕ್ಕಳು ಇದರಿಂದ ಬದುಕಿದವು. ಆದರೆ ದಿನವೂ ಸೇವಿಸುವವರಲ್ಲಿ ಸುಮಾರು ಆರೇಳು ಜನರಿಗೊಬ್ಬರಂತೆ ದದ್ದು ಬರುತ್ತಿತ್ತು. ಬಹಳ ಮಂದಿಗೆ ಅದು ತಾನಾಗಿ ಮಾಯುವ ಸಣ್ಣ ದದ್ದು. ಕೆಲವರಿಗೆ ತೀವ್ರ. ಸಾವಿರಕ್ಕೆ ಕೆಲವರಿಗೆ ನಾನು ಕಂಡಂಥ ಸ್ಥಿತಿ. ಹೆಚ್ಚಿನ ಪ್ರಕರಣಗಳು ಮೊದಲ ಆರು ವಾರಗಳಲ್ಲೇ.

ಔಷಧ ಪ್ರಯೋಗದಲ್ಲಿದ್ದ ಕಾಲದಲ್ಲೇ ಸಂಶೋಧಕರು ಒಂದು ಅಂಶ ಗಮನಿಸಿದ್ದರು. ಮೊದಲ ದಿನದಿಂದಲೇ ಪೂರ್ಣ ಪ್ರಮಾಣ ಕೊಟ್ಟರೆ ದದ್ದು ಹೆಚ್ಚು; ಎರಡು ವಾರ ಅರ್ಧ ಪ್ರಮಾಣ ಕೊಟ್ಟು ಆಮೇಲೆ ಏರಿಸಿದರೆ ಕಡಿಮೆ. ಆದ್ದರಿಂದ ಮೊದಲ 14 ದಿನ ದಿನಕ್ಕೊಮ್ಮೆ 200 ಮಿ.ಗ್ರಾಂ., ಅನಂತರ ದಿನಕ್ಕೆರಡು ಬಾರಿ 200 ಮಿ.ಗ್ರಾಂ. ಎಂಬ ನಿಯಮ ಹುಟ್ಟಿತು.

ಇದರ ಹಿಂದಿರುವ ತತ್ತ್ವವನ್ನು ಕೆರೆಯ ಹೋಲಿಕೆಯಿಂದ ಹೇಳಬಹುದು. ನಮ್ಮ ಯಕೃತ್ತು ಒಂದು ಕೆರೆಯ ತೂಬಿನಂತೆ. ಒಳಬಂದ ಔಷಧವನ್ನು ಅದು ಸ್ವಲ್ಪ ಸ್ವಲ್ಪವಾಗಿ ಹೊರಬಿಡುತ್ತದೆ. ನೆವಿರಪಿನ್ನಿನ ವಿಶೇಷವೆಂದರೆ ತನ್ನನ್ನು ಹೊರಗೆ ಕಳಿಸುವ ತೂಬನ್ನು ಅದು ತಾನೇ ಹಿಗ್ಗಿಸುತ್ತದೆ. ಆದರೆ ಅದಕ್ಕೆ ಎರಡು ವಾರವಾದರೂ ಬೇಕು. ಆರಂಭದಲ್ಲಿ ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಸುಮಾರು 45 ಗಂಟೆ ಹಿಡಿದರೆ, ಕೆಲವು ವಾರಗಳ ನಂತರ 25ರಿಂದ 30 ಗಂಟೆ ಸಾಕು. ತೂಬು ಕಿರಿದಾಗಿರುವಾಗಲೇ ಎರಡು ಪಟ್ಟು ನೀರು ಬಿಟ್ಟರೆ ಕೆರೆಯ ಏರಿಗೆ ಅಪಾಯ ತಾನೇ? ದದ್ದಿಗೆ ಪ್ರಮಾಣವೊಂದೇ ಕಾರಣವಲ್ಲ, ದೇಹದ ರಕ್ಷಣಾ ವ್ಯವಸ್ಥೆಯ ಪಾತ್ರ ದೊಡ್ಡದು. ಆದರೂ ಈ ಸಣ್ಣ ತಾಳ್ಮೆಯಿಂದ ದದ್ದು ಕಡಿಮೆಯಾದದ್ದು ನಿಜ.

ನಿಯಮಕ್ಕೆ ಇನ್ನೂ ಎರಡು ಕೊಂಬೆಗಳಿದ್ದವು. ಮೊದಲ ಹದಿನಾಲ್ಕು ದಿನಗಳಲ್ಲಿ ದದ್ದು ಕಾಣಿಸಿದರೆ ಅದು ಪೂರ್ತಿ ಮಾಯುವವರೆಗೆ ಪ್ರಮಾಣ ಏರಿಸಕೂಡದು. ಯಾವುದೋ ಕಾರಣಕ್ಕೆ ಏಳು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದರೆ ಮತ್ತೆ ಅರ್ಧ ಪ್ರಮಾಣದಿಂದಲೇ ಆರಂಭಿಸಬೇಕು. ತೂಬು ಅಷ್ಟರಲ್ಲಿ ಮತ್ತೆ ಕಿರಿದಾಗಿರುತ್ತದೆ.

ಹಾಗಾದರೆ 1996ರಲ್ಲೇ ಗೊತ್ತಿದ್ದ ನಿಯಮ 2003ರಲ್ಲಿ ನಮ್ಮೂರಿಗೆ ಏಕೆ ತಲುಪಲಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ಉತ್ತರ ಒಂದು ಮಹತ್ಕಾರ್ಯದ ಒಳಗೇ ಅಡಗಿದೆ.

ಈ ಮೂರು ಔಷಧಗಳ ಚಿಕಿತ್ಸೆಗೆ ಶ್ರೀಮಂತ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಡಾ. ಯೂಸುಫ್ ಹಮೀದ್ ಅವರು ಗಡಿಯಿಲ್ಲದ ವೈದ್ಯರ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಔಷಧ ಕೊಡುವುದಾಗಿ ಪ್ರಕಟಿಸಿದರು. ಜಗತ್ತಿನ ಆರೋಗ್ಯದ ಇತಿಹಾಸದಲ್ಲಿ ಇದೊಂದು ತಿರುವು. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರನ್ನೂ ಒಂದೇ ಮಾತ್ರೆಯಲ್ಲಿ ಅಡಕ ಮಾಡಿದ್ದು ಅದರ ಇನ್ನೊಂದು ಹೆಗ್ಗಳಿಕೆ. ಹಿಡಿ ತುಂಬ ಮಾತ್ರೆ ನುಂಗುವ ಬದಲು ಬೆಳಿಗ್ಗೆ ಒಂದು, ರಾತ್ರಿ ಒಂದು. ಓದುಬರಹ ಬಾರದವರೂ ತಪ್ಪದೆ ಸೇವಿಸಬಹುದು. ಲಕ್ಷಾಂತರ ಜನ ಇದರಿಂದ ಬದುಕಿದರು. ನನ್ನ ವಿದ್ಯಾರ್ಥಿಯೂ ಅವರಲ್ಲೊಬ್ಬ.

ಆದರೆ ಮೂರೂ ಕೂಡಿದ ಮಾತ್ರೆಯನ್ನು ಮೊದಲ ದಿನದಿಂದ ಎರಡು ಹೊತ್ತು ನುಂಗಿದರೆ ನೆವಿರಪಿನ್ ಪೂರ್ಣ ಪ್ರಮಾಣದಲ್ಲೇ ಒಳಗೆ ಹೋಗುತ್ತದೆ. ಅದನ್ನು ತಪ್ಪಿಸಲು ಮೊದಲ ಎರಡು ವಾರ ಬೆಳಿಗ್ಗೆ ಮೂರು ಔಷಧಗಳ ಮಾತ್ರೆ, ರಾತ್ರಿ ನೆವಿರಪಿನ್ ಇಲ್ಲದ ಎರಡು ಔಷಧಗಳ ಬೇರೊಂದು ಮಾತ್ರೆ ಕೊಡಬೇಕು. ಎಂದರೆ ಎರಡು ಡಬ್ಬಿ, ಎರಡು ಬಗೆಯ ಸೂಚನೆ, ಹದಿನೈದನೆಯ ದಿನ ಮತ್ತೊಮ್ಮೆ ಬಂದು ತೋರಿಸುವುದು. ದೂರದ ಊರಿನಿಂದ ಗುಟ್ಟಾಗಿ ಬಂದು, ಸಾಲದ ಹಣ ಎಣಿಸಿಕೊಟ್ಟು, ಮಾತ್ರೆಯ ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗುವವರಿಗೆ ಇಷ್ಟನ್ನು ವಿವರಿಸುವವರು ಯಾರು? ಕೇಳುವ ಧೈರ್ಯವಾದರೂ ಯಾರಿಗಿತ್ತು? ಮಾತ್ರೆ ನಮ್ಮೂರನ್ನು ತಲುಪಿತು, ಅದರ ಜೊತೆ ಬರಬೇಕಾಗಿದ್ದ ಮಾತು ತಲುಪಲಿಲ್ಲ.

ಆ ಚೀಟಿ ಬರೆದವರನ್ನು ದೂರಿ ನಾನು ಕೈತೊಳೆದುಕೊಳ್ಳಲಾರೆ. ಜೊತೆಗೆ ಬಂದ ಮಾತನ್ನು ಕೆಡಿಸಿದವರಲ್ಲಿ ನಾನೂ ಒಬ್ಬ. ನಿಲ್ಲಿಸಬಾರದು ಎಂಬ ಅರ್ಧ ವಾಕ್ಯ ನನಗೆ ಗೊತ್ತಿತ್ತು. ವೈದ್ಯರಿಗೆ ತೋರಿಸದೆ ನಿಲ್ಲಿಸಬಾರದು, ದದ್ದು ಬಂದರೆ ಕೂಡಲೇ ತೋರಿಸಬೇಕು ಎಂಬ ಉಳಿದರ್ಧ ಗೊತ್ತಿರಲಿಲ್ಲ.

ನಾನು ಹೇಳಿದ ಅವಿಲ್ ಮಾತ್ರೆಯ ವಿಷಯವನ್ನೂ ಹೇಳಬೇಕು. ತುರಿಕೆಗೆ ಅದು ಒಳ್ಳೆಯದಿರಬಹುದು. ದದ್ದು ಬಾರದಂತೆ ಅಂಥ ಔಷಧ ತಡೆಯುತ್ತದೆಯೇ ಎಂದು ವಿಜ್ಞಾನಿಗಳೂ ಯೋಚಿಸಿದ್ದರು. ಅದೇ ಜಾತಿಯ ಸೆಟಿರಿಜಿನ್ ಮಾತ್ರೆಯನ್ನು ನೆವಿರಪಿನ್ ಜೊತೆಗೇ ಕೊಟ್ಟು ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಿಂದ ದದ್ದು ಕಡಿಮೆಯಾಗಲಿಲ್ಲ. ಸ್ಟೀರಾಯ್ಡ್ ಮಾತ್ರೆಯಾದ ಪ್ರೆಡ್ನಿಸೋನನ್ನು ಮೊದಲೇ ಕೊಟ್ಟರೆ ಹೇಗೆ ಎಂದೂ ಪರೀಕ್ಷಿಸಿದರು. ಉರಿಯೂತವನ್ನು ತಗ್ಗಿಸುವ ಔಷಧವಾದ್ದರಿಂದ ಫಲ ಸಿಗಬೇಕೆಂಬುದು ಸಹಜ ತರ್ಕ. ಆದದ್ದು ತದ್ವಿರುದ್ಧ. ಪ್ರಯೋಗವೊಂದರಲ್ಲಿ ಸ್ಟೀರಾಯ್ಡ್ ಪಡೆದವರಿಗೇ ದದ್ದು ಹೆಚ್ಚು ಮತ್ತು ತೀವ್ರವಾಗಿ ಬಂತು. ಆದ್ದರಿಂದ ಅದನ್ನು ಮುಂಜಾಗ್ರತೆಯಾಗಿ ಕೊಡಬಾರದೆಂದು ಔಷಧದ ಸೂಚನಾಪತ್ರದಲ್ಲೇ ಸೇರಿಸಲಾಯಿತು. ತರ್ಕಕ್ಕೆ ಸರಿಕಂಡದ್ದೆಲ್ಲ ದೇಹಕ್ಕೆ ಸರಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಇನ್ನೊಂದು ಒಗಟು ಉಳಿದಿತ್ತು. ಗಂಡ ಆಗ ಮೂಳೆ ಚಕ್ಕಳವಾಗಿದ್ದ. ಹೆಂಡತಿ ನೋಡಲು ಗಟ್ಟಿಮುಟ್ಟಾಗಿದ್ದಳು. ಒಂದೇ ದಿನ, ಒಂದೇ ಮಾತ್ರೆ, ಒಂದೇ ಪ್ರಮಾಣ. ಆದರೂ ಕ್ಷೀಣಿಸಿದ್ದವನಿಗೆ ಏನೂ ಆಗಲಿಲ್ಲ, ಗಟ್ಟಿಯಾಗಿದ್ದವಳು ಬಿದ್ದಳು. ಊರಿನ ಬಾಯಲ್ಲಿ ಇದಕ್ಕೆ ಬೇರೆ ಬೇರೆ ವ್ಯಾಖ್ಯಾನಗಳು ಹುಟ್ಟಿದವು. ಅವುಗಳನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ನಿಜವಾದ ಉತ್ತರ ಆಮೇಲೆ ಸಿಕ್ಕಿತು. ಜಗತ್ತಿನ ಬೇರೆ ಬೇರೆ ಕಡೆಯ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದಾಗ, ಈ ಔಷಧದಿಂದ ಯಕೃತ್ತಿಗೆ ಬರುವ ಗಂಭೀರ ತೊಂದರೆ, ಹಲವು ಬಾರಿ ಅದರೊಡನೆಯೇ ಬರುವ ದದ್ದು, ಹೆಂಗಸರಲ್ಲಿ ಹೆಚ್ಚು ಎಂದು ಕಂಡಿತು. ರಕ್ಷಣಾ ಕಣಗಳ ಲೆಕ್ಕವಾದ ಸಿ.ಡಿ.4 ಸಂಖ್ಯೆ 250ಕ್ಕಿಂತ ಮೇಲಿರುವ ಹೆಂಗಸರಿಗೂ 400ಕ್ಕಿಂತ ಮೇಲಿರುವ ಗಂಡಸರಿಗೂ ಅಪಾಯ ಹೆಚ್ಚು. ರಕ್ಷಣಾ ಪಡೆ ಬಲವಾಗಿದ್ದಷ್ಟೂ ಅದರ ತಪ್ಪು ಏಟೂ ಬಲವಾಗಿಯೇ ಬೀಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರ ಜನವರಿಯಲ್ಲಿ ಈ ಕುರಿತು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಆ ಹೆಣ್ಣುಮಗಳ ಸಂಖ್ಯೆ ಮುನ್ನೂರರ ಮೇಲಿತ್ತು.

ಅವಳು ಬದುಕಿದಳು. ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದಳು. ದಾದಿಯೊಬ್ಬರು ದಿನಕ್ಕೆ ಹಲವು ಬಾರಿ ಅವಳ ಕಣ್ಣುಗಳನ್ನು ತೊಳೆದು ರೆಪ್ಪೆಗಳು ಅಂಟಿಕೊಳ್ಳದಂತೆ ಬಿಡಿಸುತ್ತಿದ್ದರು. ಆ ತಾಯಿಯ ಹೆಸರು ಕೇಳದೆ ಬಂದೆನಲ್ಲಾ ಎಂಬ ಕೊರಗು ನನಗಿದೆ. ಚರ್ಮ ಮತ್ತೆ ಬೆಳೆಯಿತು. ಕಣ್ಣೀರಿನ ಒರತೆ ಮಾತ್ರ ಪೂರ್ತಿ ಮರಳಲಿಲ್ಲ. ಇಂದಿಗೂ ಅವಳು ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾಳೆ. ಕೆಲವು ತಿಂಗಳ ಬಳಿಕ ನೆವಿರಪಿನ್ ಬಿಟ್ಟು ಬೇರೆ ಔಷಧ ಕೂಡಿಸಿ ವೈದ್ಯರ ಕಣ್ಗಾವಲಿನಲ್ಲಿ ಚಿಕಿತ್ಸೆ ಮತ್ತೆ ಆರಂಭವಾಯಿತು. ಒಮ್ಮೆ ಇಂಥ ತೀವ್ರ ಪ್ರತಿಕ್ರಿಯೆ ತಂದ ಔಷಧವನ್ನು ಆ ವ್ಯಕ್ತಿಗೆ ಜೀವಮಾನದಲ್ಲಿ ಮತ್ತೆ ಕೊಡಬಾರದೆಂಬುದೂ ಒಂದು ನಿಯಮ.

ಮರುವರ್ಷ, 2004ರ ಏಪ್ರಿಲ್ 1ರಂದು, ಕೇಂದ್ರ ಸರ್ಕಾರ ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿ ಆರಂಭದಲ್ಲಿ ಅದರ ವ್ಯಾಪ್ತಿಗೆ ಬಂದವು. ನಮ್ಮ ಕರ್ನಾಟಕವೂ ಆ ಆರರಲ್ಲಿ ಒಂದು. ಅಲ್ಲಿ ಕೊಡುತ್ತಿದ್ದದ್ದೂ ಹೆಚ್ಚಾಗಿ ನೆವಿರಪಿನ್ ಇದ್ದ ಚಿಕಿತ್ಸೆಯೇ. ಆದರೆ ಅಲ್ಲೊಂದು ವ್ಯತ್ಯಾಸವಿತ್ತು. ಮಾತ್ರೆಗಿಂತ ಮೊದಲು ಮಾತು. ಆಪ್ತ ಸಲಹೆಗಾರರು ಕೂರಿಸಿಕೊಂಡು ವಿವರಿಸುತ್ತಿದ್ದರು. ಮೊದಲ ಎರಡು ವಾರಕ್ಕೆ ಮಾತ್ರೆ ಕೊಟ್ಟು, ಹದಿನೈದನೆಯ ದಿನ ಕರೆಸಿ, ಮೈ ನೋಡಿ, ದದ್ದಿಲ್ಲವೆಂದು ಖಾತ್ರಿಯಾದ ಮೇಲೆ ಪ್ರಮಾಣ ಏರಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಅನಂತರ ಸರ್ಕಾರಿ ಕೇಂದ್ರದಲ್ಲೇ ಹೆಸರು ನೋಂದಾಯಿಸಿದರು. "ಸಾರ್, ಅಲ್ಲಿ ಬಾಯಲ್ಲಿ ಹೇಳಿಸಿ ಒಪ್ಪಿಸಿಕೊಳ್ಳುತ್ತಾರೆ, ನಿಮ್ಮ ಮಗ್ಗಿಯ ಹಾಗೆ" ಎಂದು ಅವನು ಬಂದು ಹೇಳಿದಾಗ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ದದ್ದು ತಡೆಯುವ ಇತಿಹಾಸದ ಅತ್ಯಂತ ಬೆಳಕಿನ ಅಧ್ಯಾಯ ಮಾತ್ರ ಬೇರೊಂದು ಔಷಧದ್ದು. ಅಬಾಕವಿರ್ ಎಂಬ ಔಷಧ 1998ರ ಕೊನೆಯಲ್ಲಿ ಬಂತು. ಅದನ್ನು ಪಡೆದ ನೂರರಲ್ಲಿ ಐದರಿಂದ ಎಂಟು ಜನರಿಗೆ ಜ್ವರ, ದದ್ದು, ವಾಂತಿ, ಉಸಿರಾಟದ ತೊಂದರೆ. ಸುಧಾರಿಸಿತೆಂದು ಮತ್ತೆ ಮಾತ್ರೆ ನುಂಗಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ. 2002ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಸೈಮನ್ ಮಲ್ಲಾಲ್ ಮತ್ತು ಸಂಗಡಿಗರು ಇದರ ಮೂಲವನ್ನು ಹಿಡಿದರು. ಎಚ್.ಎಲ್.ಎ.-ಬಿ 57:01 ಎಂಬ ಒಂದು ವಂಶವಾಹಿಯ ಗುರುತು ಇದ್ದವರಿಗೇ ಹೀಗಾಗುತ್ತಿತ್ತು. ಬಳಿಕ 19 ದೇಶಗಳ 1,956 ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲ 2008ರಲ್ಲಿ ಪ್ರಕಟವಾಯಿತು. ಮೊದಲೇ ರಕ್ತ ಪರೀಕ್ಷಿಸಿ, ಆ ಗುರುತು ಇದ್ದವರಿಗೆ ಅಬಾಕವಿರ್ ಕೊಡದೆ ಬಿಟ್ಟ ಗುಂಪಿನಲ್ಲಿ ಚರ್ಮ ಪರೀಕ್ಷೆಯಿಂದ ದೃಢಪಟ್ಟ ಪ್ರತಿಕ್ರಿಯೆ ಒಂದೂ ಇರಲಿಲ್ಲ. ಪರೀಕ್ಷಿಸದ ಗುಂಪಿನಲ್ಲಿ ನೂರಕ್ಕೆ 2.7. ಆ ಗುರುತು ನಮ್ಮ ಭಾರತೀಯರಲ್ಲಿ ಅಪರೂಪವೇನಲ್ಲ ಎಂಬುದು ಗಮನಿಸಬೇಕಾದ ವಿಷಯ. ಬಂದ ಮೇಲೆ ಓಡುವುದಕ್ಕಿಂತ ಬರುವ ಮೊದಲೇ ತಿಳಿಯುವುದು ಸಾಧ್ಯ ಎಂದು ಅಂದು ಸಿದ್ಧವಾಯಿತು.

ನೆವಿರಪಿನ್ನಿಗೆ ಅಂಥ ಒಂದೇ ಗುರುತು ಕೈಗೆ ಸಿಗಲಿಲ್ಲ. ಅದರ ಮಟ್ಟಿಗೆ ಪರಿಹಾರ ಬಂದದ್ದು ಹಳೆಯ ದಾರಿಯಿಂದಲೇ: ಅದಕ್ಕಿಂತ ಸುರಕ್ಷಿತ ಔಷಧ ಅಗ್ಗವಾಗುವವರೆಗೆ ಕಾಯುವುದು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಫಾವಿರೆಂಜ್ ಇರುವ ಚಿಕಿತ್ಸೆಗೆ ಆದ್ಯತೆ ನೀಡಿತು. 2019ರಲ್ಲಿ ಡೊಲುಟೆಗ್ರವಿರ್ ಎಂಬ ಇನ್ನೂ ಉತ್ತಮ ಔಷಧವನ್ನು ಎಲ್ಲರಿಗೂ ಮೊದಲ ಆಯ್ಕೆಯೆಂದಿತು. ನಮ್ಮ ಸರ್ಕಾರಿ ಕೇಂದ್ರಗಳೂ ಅನಂತರ ಅದಕ್ಕೆ ಬದಲಾದವು. ದಿನಕ್ಕೆ ಒಂದೇ ಮಾತ್ರೆ; ತೀವ್ರ ದದ್ದು ಬಹಳ ವಿರಳ. ಹದಿನಾಲ್ಕು ದಿನಗಳ ಆ ನಿಯಮ ಹೆಚ್ಚಿನವರ ಪಾಲಿಗೆ ಈಗ ಇತಿಹಾಸಕ್ಕೆ ಸೇರಿತು.

ಹಾಗಿದ್ದ ಮೇಲೆ ಇದನ್ನೆಲ್ಲ ಇಂದು ಏಕೆ ಬರೆಯಬೇಕು ಎಂದು ನೀವು ಕೇಳಬಹುದು. ಕಾರಣವಿದೆ. ಔಷಧದಿಂದ ಬರುವ ಇಂಥ ದದ್ದು ಎಚ್.ಐ.ವಿ. ಇರುವವರಿಗೆ ಮಾತ್ರ ಬರುವುದಲ್ಲ. ಮೂರ್ಛೆರೋಗದ ಕೆಲವು ಮಾತ್ರೆಗಳು, ಗಂಧಕದ ಔಷಧಗಳು, ನನ್ನ ಹೆಬ್ಬೆರಳಿನ ಅಲೋಪ್ಯುರಿನಾಲ್, ಯಾವುದರಿಂದಲೂ ಬರಬಹುದು. ಹೊಸ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ದದ್ದು ಕಂಡರೆ ಊಹೆ ಮಾಡುತ್ತ ಕೂರಬೇಡಿ, ಬರೆದುಕೊಟ್ಟ ವೈದ್ಯರನ್ನು ಅಂದೇ ಕೇಳಿ. ಅದರ ಜೊತೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಗುಳ್ಳೆ, ಚರ್ಮ ನೋವು ಇವುಗಳಲ್ಲಿ ಒಂದಾದರೂ ಇದ್ದರೆ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೊರಡಿ, ರಾತ್ರಿಯಾದರೂ ಸರಿ. ಯಾವ ಔಷಧ ಆಗಿಬರಲಿಲ್ಲವೋ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಸದಾ ಜೊತೆಯಲ್ಲಿಡಿ. ಮುಖ್ಯವಾಗಿ, ನಿಮ್ಮ ಮೇಷ್ಟ್ರನ್ನು ಕೇಳಬೇಡಿ.

ಕಳೆದ ವಾರ ಆ ಹೆಣ್ಣುಮಗಳು ಗಂಡನೊಡನೆ ನಮ್ಮ ಮನೆಗೆ ಬಂದಿದ್ದಳು. ಮಗನ ಮದುವೆಯ ಲಗ್ನಪತ್ರಿಕೆ ಕೊಡಲು. ನನ್ನ ಮಡದಿ ಕುಂಕುಮ ಕೊಟ್ಟಳು. ನಾನು ಎಷ್ಟೋ ವರ್ಷಗಳಿಂದ ಹೇಳಬೇಕೆಂದಿದ್ದ ಮಾತನ್ನು ಅಂದು ಹೇಳಿದೆ. "ಆವತ್ತು ನಾನು ತಪ್ಪು ಹೇಳಿದೆ ತಾಯಿ. ಎರಡು ದಿನ ನನ್ನಿಂದ ಹಾಳಾಯಿತು" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗೆ ಗೊತ್ತು ಸಾರ್. ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಮ್ಮ ಮೇಲೆ ಸಿಟ್ಟೂ ಬಂದಿತ್ತು" ಎಂದಳು. ಆಮೇಲೆ, "ಆದರೆ ಅಮ್ಮ ಬಂದ ಮನೆ ಅಂತ ಎಲ್ಲರೂ ದೂರ ನಿಂತಿದ್ದಾಗ ಒಳಗೆ ಬಂದು ಎತ್ತಿಕೊಂಡು ಹೋದವರೂ ನೀವೇ" ಎಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೈಚೀಲದಿಂದ ಹನಿಯ ಶೀಷೆ ತೆಗೆದು ಎರಡೂ ಕಣ್ಣಿಗೆ ಹಾಕಿಕೊಂಡಳು. "ಬರೆಯಿರಿ ಸಾರ್, ಹೆಸರು ಮಾತ್ರ ಬೇಡ. ಹೊಸದಾಗಿ ಮಾತ್ರೆ ಶುರು ಮಾಡುವವರು ಯಾರಾದರೂ ಓದಲಿ" ಎಂದಳು.

ಅದಕ್ಕಾಗಿ ಬರೆದಿದ್ದೇನೆ. ನನ್ನ ಹೆಬ್ಬೆರಳು ಈಗ ಹಗುರವಾಗಿದೆ, ಮೈಮೇಲೆ ದದ್ದೇನೂ ಇಲ್ಲ. ಆದರೂ ಆ ಮಾತ್ರೆ ಆರಂಭಿಸಿದಂದಿನಿಂದ ದಿನವೂ ಸ್ನಾನ ಮಾಡುವಾಗ ತೋಳು, ಎದೆ ನೋಡಿಕೊಳ್ಳುತ್ತೇನೆ.

ಎಲ್ಲರೂ ಆರೋಗ್ಯವಾಗಿರಿ. ಬಿಡುವಾದಾಗ ಪತ್ರ ಬರೆಯಿರಿ.

ಇಂತಿ,
ನಿಮ್ಮ ಮೇಷ್ಟ್ರು